ಹಸಿದೂ ಉಣ್ಣದ ಬೆಕ್ಕು

– ಡಾಕ್ಟ್ರೇ, ಇದಕ್ಕೆ ಹಸಿವಿಲ್ಲ ಅಂತ ಮಾತ್ರ ಅನ್ಬೇಡಿ. ಮೀನಿನ ಪಾತ್ರೆ ಸದ್ದಾದರೆ ಸಾಕು, ಮಹಡಿಯಿಂದ ಓಡಿ ಬರುತ್ತೆ. ತಟ್ಟೆ ಮುಂದೆ ಕೂತು ಮೂಸುತ್ತೆ, ಒಂದು ತುತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ತಕ್ಷಣ ಕಿರುಚಿ ಹಿಂದಕ್ಕೆ ಹಾರಿ ಫ್ರಿಜ್ಜಿಗೆ ಬಡಿದುಕೊಳ್ಳುತ್ತೆ. ಆಮೇಲೆ ಆ ತಟ್ಟೆಗೇ ಬುಸ್ ಅನ್ನುತ್ತೆ. ತಟ್ಟೆಯೇ ತನ್ನನ್ನ ಕಚ್ಚಿತು ಅಂತ ಅದರ ಲೆಕ್ಕ.

– ವಯಸ್ಸೆಷ್ಟು?

– ಒಂದೂವರೆ ವರ್ಷ ಆಗ್ತಾ ಬಂತು.

– ಗದ್ದ ನೋಡಿ. ಬಿಳಿ ಕೂದಲು ಕಂದು ತಿರುಗಿ ಅಂಟಂಟಾಗಿದೆ, ಜೊಲ್ಲು ಸುರಿದು ಸುರಿದು ಒಣಗಿರೋದು. ಮುಂಗಾಲಿನ ಒಳಬದಿನೂ ಹಾಗೇ ಸೆಟೆದುಕೊಂಡಿದೆ, ಬಾಯಿ ಒರೆಸಿಕೊಂಡಿದ್ದಕ್ಕೆ. ಬೆನ್ನ ಮೇಲೆ ಕೂದಲು ಗಂಟು ಕಟ್ಟಿದೆ. ಬೆಕ್ಕು ಮೈ ನೆಕ್ಕೋದು ಬಿಟ್ಟಿದೆ ಅಂದ್ರೆ ನಾಲಿಗೆ ಹೊರಗೆ ಚಾಚೋದೇ ಕಷ್ಟ ಆಗಿದೆ ಅಂತ ಅರ್ಥ. ಎಷ್ಟು ದಿನದಿಂದ ಹೀಗೆ?

– ಏಳೆಂಟು ತಿಂಗಳ ಮರಿ ಇದ್ದಾಗಲೇ ಒಸಡು ಕೆಂಪಗಿತ್ತು. ಹಲ್ಲು ಬರೋ ಕಾಲ, ಸರಿಹೋಗುತ್ತೆ ಅಂದ್ರು ನಮ್ಮತ್ತೆ. ಇತ್ತೀಚೆಗೆ ತಡಕೊಳ್ಳಕ್ಕಾಗದಷ್ಟು ವಾಸನೆ. ಅತ್ತೆ ಪ್ರಕಾರ ಇದು ಉಷ್ಣ. ಅರಿಶಿನ, ತುಪ್ಪ ಹಚ್ಚಿ ಅಂತಾರೆ.

– ಹಚ್ಚಿದ್ರಾ?

– ಹಿಡಿಯಕ್ಕೆ ಬಿಟ್ಟರೆ ತಾನೆ!

– ಬೆಕ್ಕಿಗೇ ಬುದ್ಧಿ ಜಾಸ್ತಿ. ಅರಿಶಿನ ಜೀವ ತೆಗೆಯಲ್ಲ, ಆದರೆ ಹಸಿ ಗಾಯದ ಮೇಲೆ ಬೆರಳು ಉಜ್ಜಿದರೆ ನಾಳೆಯಿಂದ ನಿಮ್ಮ ಕೈ ಕಂಡರೆ ಓಡುತ್ತೆ. ಆಮೇಲೆ ಔಷಧ ಕುಡಿಸೋರು ಯಾರು? ನನಗೆ ಅರಿಶಿನದ ಭಯ ಅಷ್ಟಿಲ್ಲ. ಮನೆಯ ಮಾತ್ರೆ ಡಬ್ಬದ ಭಯ. ನೋವಿಗೆ ಅಂತ ಪ್ಯಾರಾಸಿಟಮಾಲ್ ಅರ್ಧ ಮುರಿದು ಕೊಟ್ಟವರು ಇದೇ ಬಾಗಿಲಿಗೆ ಬರ್ತಾರೆ. ಮನುಷ್ಯರ ಯಕೃತ್ತು ಆ ಮಾತ್ರೆಯನ್ನ ಕರಗಿಸಿ ಹೊರಹಾಕೋ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತೆ, ಮುಖ ಊದಿಕೊಳ್ಳುತ್ತೆ. ಒಂದೇ ಮಾತ್ರೆ ಒಂದು ಬೆಕ್ಕನ್ನ ಕೊಲ್ಲಬಹುದು. ಐಬುಪ್ರೊಫೆನ್ ಕೂಡ ವಿಷವೇ. ಇನ್ನು ನಮ್ಮ ಬಾಯಿಹುಣ್ಣಿಗೆ ಹಚ್ಚೋ ಜೆಲ್ ಇದೆಯಲ್ಲ, ಅದರಲ್ಲಿ ಆಸ್ಪಿರಿನ್ ಜಾತಿಯ ಸ್ಯಾಲಿಸಿಲೇಟ್ ಇರುತ್ತೆ. ಬೆಕ್ಕಿನ ಮೈಯಿಂದ ಅದು ಹೊರಗೆ ಹೋಗಕ್ಕೆ ದಿನಗಟ್ಟಲೆ ಬೇಕು. ದಿನಕ್ಕೆ ಮೂರು ಸಲ ಹಚ್ಚಿ ಅಂತ ಟ್ಯೂಬಿನ ಮೇಲೆ ಬರೆದಿರೋದು ನಿಮಗೆ, ಅದಕ್ಕಲ್ಲ.

– ಅದ್ಯಾವುದೂ ಹಾಕಿಲ್ಲ. ಆದರೆ ನಮ್ಮ ಬಡಾವಣೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿದ್ವಿ. ಹಾಕಿಸಿದ ಮಾರನೇ ದಿನವೇ ತಟ್ಟೆ ನೆಕ್ಕಿ ಇಟ್ಟಿತು. ಮೂರು ವಾರ ರಾಜನ ಹಾಗಿತ್ತು, ಮತ್ತೆ ಅದೇ ಕಥೆ. ಇನ್ನೊಮ್ಮೆ ಹಾಕಿಸಿದ್ವಿ. ಈ ಸಲ ಎರಡು ವಾರಕ್ಕೇ ಮುಗೀತು. ಅದನ್ನೇ ಇನ್ನೊಂದು ಹಾಕಿಬಿಡಿ ಅಂತ ಕೇಳಕ್ಕೆ ಬಂದೆ.

– ಹಾಕಲ್ಲ. ಮೊದಲು ಬಾಯಿ ನೋಡೋಣ. ಟವೆಲ್ಲಿನಲ್ಲಿ ಸುತ್ತಿ ಹಿಡ್ಕೊಳ್ಳಿ, ಬಾಯಿ ಅಗಲಿಸಲ್ಲ, ಕೆನ್ನೆ ಸ್ವಲ್ಪ ಹಿಂದಕ್ಕೆ ಎಳೀತೀನಿ ಅಷ್ಟೆ. ನೋಡಿ, ಬರೀ ಒಸಡಿನ ಅಂಚು ಕೆಂಪಾಗಿದ್ದರೆ ಬೇರೆ ಮಾತು. ಇಲ್ಲಿ ನೋಡಿ, ಎಲ್ಲಕ್ಕಿಂತ ಹಿಂದಿನ ದವಡೆ ಹಲ್ಲಿನ ಆಚೆ, ಮೇಲ್ದವಡೆ ಕೆಳದವಡೆ ಕೂಡೋ ಮೂಲೆ. ತರಿತರಿಯಾಗಿ ಉಬ್ಬಿದೆ, ಮುಟ್ಟೋಕ್ ಮುಂಚೆನೇ ರಕ್ತ ಜಿನುಗ್ತಾ ಇದೆ. ಆ ಕಡೆನೂ ಇಷ್ಟೇ. ಆಕಳಿಸಿದಾಗ ಹಿಗ್ಗೋ ಜಾಗ ಇದು. ಆಕಳಿಕೆ ಅರ್ಧಕ್ಕೇ ನಿಲ್ಲಿಸಿ ಕೂಗೋದನ್ನ ನೋಡಿದ್ದೀರಾ?

– ಅಯ್ಯೋ, ಹೌದು! ಕನಸು ಕಂಡು ಬೆಚ್ಚಿಬಿತ್ತು ಅಂದ್ಕೊಂಡಿದ್ವಿ.

– ಎಳೆ ಬೆಕ್ಕಿನ ಬಾಯಿ ಕೆಂಪಾಗೋದಕ್ಕೆ ಮುಖ್ಯವಾಗಿ ಮೂರು ಕಾರಣ. ಮೂರರಲ್ಲೂ ದೇಹದ ರೋಗನಿರೋಧಕ ಶಕ್ತಿಯ ಕೈವಾಡ ಉಂಟು, ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ. ಒಂದು, ಎಳೆಯದರ ಜಿಂಜಿವೈಟಿಸ್. ಆರು ತಿಂಗಳ ಹೊತ್ತಿಗೆ ಹಾಲುಹಲ್ಲು 26ಕ್ಕೂ ಬದಲಾಗಿ 30 ಶಾಶ್ವತ ಹಲ್ಲು ಬಂದಿರುತ್ತೆ. ಆಗ ಒಸಡು ಊದಿ ಹಲ್ಲಿನ ಮೇಲೇ ಹತ್ತಿಬಿಡುತ್ತೆ. ಸಯಾಮಿ, ಮೇನ್ ಕೂನ್, ಅಬಿಸೀನಿಯನ್ ತಳಿಗಳಲ್ಲಿ ಜಾಸ್ತಿ, ನಮ್ಮ ಬೀದಿ ಬೆಕ್ಕಿಗೂ ಬರುತ್ತೆ. ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡಿ, ಬೆಳೆದ ಒಸಡು ಕತ್ತರಿಸಿ, ಆಮೇಲೆ ಮನೆಯಲ್ಲಿ ದಿನಾ ಹಲ್ಲುಜ್ಜಿದರೆ ಎಷ್ಟೋ ಬೆಕ್ಕುಗಳು ಎರಡು ವರ್ಷ ತುಂಬೋ ಹೊತ್ತಿಗೆ ಅದರಿಂದ ಪಾರಾಗ್ತವೆ. ಎರಡನೇದು ಇಯೊಸಿನೊಫಿಲಿಕ್ ಗ್ರಾನುಲೋಮ. ಮೇಲ್ತುಟಿಯ ಮೇಲೆ ಅಂಚು ದಪ್ಪಗಾದ ಹುಣ್ಣು, ಇಲ್ಲವೇ ನಾಲಿಗೆ, ಅಂಗುಳಿನ ಮೇಲೆ ಗಡ್ಡೆ. ಚಿಗಟದ ಕಡಿತಕ್ಕೋ ತಿನ್ನೋ ಆಹಾರಕ್ಕೋ ಅಲರ್ಜಿ ಆಗಿ ಬರೋದು ಹೆಚ್ಚು. ನಿಮ್ಮದು ಅದಲ್ಲ, ಬಿಡಿ. ನಿಮ್ಮದು ಮೂರನೇದು, ಸ್ಟೊಮಟೈಟಿಸ್. ಮೂರರಲ್ಲೂ ಜಿಗುಟು ಅಂದ್ರೆ ಇದೇ.

– ಸೋಂಕಾ? ಆಂಟಿಬಯಾಟಿಕ್ ಕೊಟ್ಟರೆ ಹೋಗಲ್ವಾ?

– ಸೋಂಕಿನ ಪಾಲೂ ಇದೆ, ಆದರೆ ಬೆಂಕಿ ಹಚ್ಚಿರೋದು ಬೆಕ್ಕಿನದೇ ರಕ್ತಕಣಗಳು. ಹಲ್ಲಿನ ಮೇಲೆ ದಿನಾ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಕಟ್ಟುತ್ತೆ, ಬ್ಯಾಕ್ಟೀರಿಯಾ ಕೂರೋ ಜಾಗ. ಎಲ್ಲ ಬೆಕ್ಕಿಗೂ ಕಟ್ಟುತ್ತೆ. ಈ ಬೆಕ್ಕಿನ ದೇಹ ಅದನ್ನ ಸಹಿಸಲ್ಲ. ಲಿಂಫೋಸೈಟು, ಪ್ಲಾಸ್ಮಾ ಕಣಗಳು ದಂಡೆತ್ತಿ ಬಂದು ಅಲ್ಲೇ ಬೀಡುಬಿಡ್ತವೆ. ಜೊತೆಗೆ ಕ್ಯಾಲಿಸಿ ಅನ್ನೋ ವೈರಸ್. ಮರಿಯಲ್ಲಿ ಸೀನು, ನೆಗಡಿ, ನಾಲಿಗೆ ಮೇಲೆ ಹುಣ್ಣು ಏನಾದ್ರೂ ಆಗಿತ್ತಾ?

– ಆಗಿತ್ತು. ತರುವಾಗಲೇ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಒಂದು ಆಶ್ರಯಧಾಮದಿಂದ ತಂದಿದ್ದು, ಅಲ್ಲಿ ಇಪ್ಪತ್ತೋ ಮೂವತ್ತೋ ಬೆಕ್ಕುಗಳಿದ್ವು.

– ಹಾಗಾದ್ರೆ ಕಥೆ ಕೂಡಿಬಂತು. ಹತ್ತಾರು ಬೆಕ್ಕು ಒಟ್ಟಿಗೆ ಇರೋ ಕಡೆ ಈ ಕಾಯಿಲೆ ಜಾಸ್ತಿ. ನೆಗಡಿ ಹೋದಮೇಲೂ ಕೆಲವು ಬೆಕ್ಕು ತಿಂಗಳು, ವರ್ಷಗಟ್ಟಲೆ ಕ್ಯಾಲಿಸಿ ವೈರಸ್ ಉಗುಳ್ತಾನೇ ಇರುತ್ತೆ. ಲಸಿಕೆ ಹಾಕಿಸಿದರೆ ನೆಗಡಿ ಜೋರಾಗಿ ಬರಲ್ಲ, ಆದರೆ ವೈರಸ್ ಒಳಗೆ ಸೇರೋದನ್ನ ಪೂರಾ ತಡೆಯಲ್ಲ. ಇನ್ನೆರಡು ವೈರಸ್ ಇದೆ, ಅವುಗಳ ಪರೀಕ್ಷೆ ಇವತ್ತೇ ಮಾಡ್ತೀನಿ, ಎರಡು ಹನಿ ರಕ್ತ ಸಾಕು. ಒಂದು ಲ್ಯುಕೇಮಿಯಾ ವೈರಸ್, 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಕಂಡುಹಿಡಿದದ್ದು. ಇನ್ನೊಂದು ಎಫ್‌ಐವಿ. 1986ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್, ಜ್ಯಾನೆಟ್ ಯಮಮೋಟೊ ಪತ್ತೆ ಮಾಡಿದರು.

– ಎಫ್‌ಐವಿ ಅಂದ್ರೆ, ಏಡ್ಸಾ? ಮನೆಯಲ್ಲಿ ಚಿಕ್ಕ ಮಗು ಇದೆ ಡಾಕ್ಟ್ರೇ.

– ಮನುಷ್ಯರಿಗೆ ಬರಲ್ಲ. ಎರಡೂ ಬರಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮಾತ್ರ, ಎಫ್‌ಐವಿ ಆದರೆ ಮುಖ್ಯವಾಗಿ ಕಚ್ಚಾಟದಿಂದ. ಪರೀಕ್ಷೆ ಯಾಕೆ ಅಂದ್ರೆ, ಇವು ಇದ್ದರೆ ಮುಂದೆ ಕೊಡೋ ಔಷಧದ ಲೆಕ್ಕಾಚಾರ ಬದಲಾಗುತ್ತೆ. ಜ್ವಾಲೆ ಹತ್ತಿದ ಬಾಯಿಯನ್ನ ತಣ್ಣಗೆ ಮಾಡಕ್ಕೆ ಹೋಗಿ ಮೊದಲೇ ಕುಂದಿರೋ ಶಕ್ತಿಯನ್ನ ಇನ್ನಷ್ಟು ಕುಂದಿಸಬಾರದಲ್ಲ.

– ಸರಿ. ಆ ಇಂಜೆಕ್ಷನ್ ಯಾಕೆ ಹಾಕಲ್ಲ ಅಂದ್ರಿ? ಅದೊಂದೇ ಕೆಲಸ ಮಾಡಿದ್ದು.

– ಕೆಲಸ ಮಾಡುತ್ತೆ, ಅದಕ್ಕೇ ಅದು ಅಪಾಯ. ಅದು ವಾರಗಟ್ಟಲೆ ಮೈಯಲ್ಲಿ ಉಳಿಯೋ ಸ್ಟೀರಾಯ್ಡ್. ದಂಡೆತ್ತಿ ಬಂದ ಕಣಗಳನ್ನೆಲ್ಲ ಮಲಗಿಸಿಬಿಡುತ್ತೆ. ಎದ್ದಾಗ ಹಲ್ಲಿನ ಪಾಚಿ ಅಲ್ಲೇ, ವೈರಸ್ ಅಲ್ಲೇ. ಮೀಟರ್ ಬಡ್ಡಿ ಸಾಲ ಇದು. ಮೊದಲ ಸಲ ಮೂರು ವಾರದ ನೆಮ್ಮದಿ, ಎರಡನೇ ಸಲ ಎರಡು ವಾರ, ನೀವೇ ಹೇಳಿದ್ರಿ. ಹೀಗೇ ವರ್ಷಗಟ್ಟಲೆ ಹಾಕಿಸಿಕೊಂಡು ಬಂದು ಕೊನೆಗೆ ಸಕ್ಕರೆ ಕಾಯಿಲೆ ತರಿಸಿಕೊಂಡ ಬೆಕ್ಕುಗಳನ್ನ ನೋಡಿದ್ದೀನಿ. ಆಮೇಲೆ ದಿನಕ್ಕೆರಡು ಸಲ ಇನ್ಸುಲಿನ್. ಬಾಯಿ ಹಾಗೇ ಇರುತ್ತೆ.

– ಮತ್ತೇನು ದಾರಿ?

– ಹಲ್ಲು ತೆಗೀಬೇಕು.

– ಯಾವ ಹಲ್ಲು?

– ದವಡೆ ಹಲ್ಲುಗಳೆಲ್ಲ. ನಾಲ್ಕು ಕೋರೆಹಲ್ಲು, ಮುಂದಿನ ಸಣ್ಣ ಹಲ್ಲುಗಳು ಚೆನ್ನಾಗಿದ್ದರೆ ಈಗ ಬಿಡೋಣ. ಅವುಗಳ ಸುತ್ತಲೂ ಉರಿ ಇದ್ದರೆ, ಇಲ್ಲ ಮುಂದೆ ಗುಣ ಕಾಣದೇ ಹೋದರೆ, ಅವೂ ಹೋಗ್ತವೆ.

– ಏನು ಮಾತಾಡ್ತೀರಿ ಡಾಕ್ಟ್ರೇ? ಒಂದೂವರೆ ವರ್ಷದ ಜೀವಕ್ಕೆ ಬೊಚ್ಚುಬಾಯಿ ಮಾಡ್ತೀರಾ? ಹಲ್ಲೆಲ್ಲ ಗಟ್ಟಿಯಾಗಿದೆ, ಒಂದೂ ಹುಳುಕಿಲ್ಲ. ನಮ್ಮತ್ತೆಗೆ ಹೇಳಿದರೆ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ.

– ನಿಮ್ಮ ಸಿಟ್ಟು ನ್ಯಾಯವೇ. ಕೇಳಿದವರೆಲ್ಲ ಮೊದಲು ಹೀಗೇ ಬೈತಾರೆ. ಬಿಳೀ ಹಲ್ಲು, ಗಟ್ಟಿ ಹಲ್ಲು, ಯಾಕೆ ಕೀಳಬೇಕು? ಹಲ್ಲು ಕೆಟ್ಟಿದೆ ಅಂತ ಕೀಳ್ತಿಲ್ಲ. ಪಾಚಿ ಕೂರೋದಕ್ಕೆ ಹಲ್ಲಿನಷ್ಟು ಒಳ್ಳೇ ಜಾಗ ಬಾಯಲ್ಲಿ ಇನ್ನೊಂದಿಲ್ಲ, ಒಸಡಿನ ಚರ್ಮ ಆದರೆ ಉದುರ್ತಾ ಇರುತ್ತೆ, ಹಲ್ಲು ಉದುರಲ್ಲ. ಆ ಜಾಗ ತೆಗೆದರೆ ಜಗಳದ ಮೂಲವೇ ಕಮ್ಮಿ. ಪಾಚಿಯನ್ನ ದಿನಾ ಉಜ್ಜಿ ತೆಗೀಬಹುದಲ್ಲ ಅಂತೀರಾ? ಮೊದಲನೇ ಕಾಯಿಲೆಗೆ ಉಜ್ಜಿ ಅಂದೆನಲ್ಲ, ಇದಕ್ಕೆ ಮಾತ್ರ ಬೇಡ. ಈ ಬಾಯಿಗೆ ಬ್ರಷ್ ಹಾಕೋದು ಹಿಂಸೆ.

– ಕೀಳಿಸಿದರೆ ಖಂಡಿತ ಗುಣ ಆಗುತ್ತಾ?

– ಖಂಡಿತ ಅನ್ನಲ್ಲ, ಲೆಕ್ಕ ಹೇಳ್ತೀನಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2000ದಿಂದ 2013ರವರೆಗೆ ಹೀಗೆ ಹಲ್ಲು ತೆಗೆದ 95 ಬೆಕ್ಕುಗಳ ದಾಖಲೆ ನೋಡಿ 2015ರಲ್ಲಿ ಪ್ರಕಟಿಸಿದರು. 27 ಬೆಕ್ಕಿಗೆ ಪೂರ್ತಿ ವಾಸಿ. 37 ಬೆಕ್ಕಿಗೆ ಚೆನ್ನಾಗಿ ಗುಣ. 25ಕ್ಕೆ ಅಷ್ಟಕ್ಕಷ್ಟೆ. 6ಕ್ಕೆ ಏನೂ ಪ್ರಯೋಜನ ಆಗಲಿಲ್ಲ. ಅಂದ್ರೆ ಮೂರರಲ್ಲಿ ಎರಡು ಬೆಕ್ಕು ನೆಮ್ಮದಿಯಾಗಿ ಉಂಡವು. ಇಲ್ಲೊಂದು ಮಾತು ಮುಚ್ಚಿಡಬಾರದು, ಆ ಗುಣವಾದ 64ರಲ್ಲೂ 44 ಬೆಕ್ಕಿಗೆ ಆಪರೇಷನ್ ಆದಮೇಲೆ ಸ್ವಲ್ಪ ಕಾಲ ಔಷಧ ಮುಂದುವರಿಸಬೇಕಾಯ್ತು. ಹಲ್ಲು ತೆಗೆಸಿದ ಮಾರನೇ ದಿನ ಬೆಕ್ಕು ಕುಣಿಯುತ್ತೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ವಾರಗಳು ಹಿಡಿಯುತ್ತೆ, ಕೆಲವಕ್ಕೆ ತಿಂಗಳುಗಳು. ಅದೇ ದಾಖಲೆಯಲ್ಲಿ ಎಲ್ಲ ಹಲ್ಲು ತೆಗೆದವಕ್ಕೂ ಬರೀ ಹಿಂದಿನವು ತೆಗೆದವಕ್ಕೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಕೋರೆಹಲ್ಲು ಸದ್ಯಕ್ಕೆ ಇರಲಿ ಅಂದೆ.

– ಹಲ್ಲಿಲ್ಲದೆ ಹೇಗೆ ತಿನ್ನುತ್ತೆ ಪಾಪ? ಬರೀ ಗಂಜಿನಾ?

– ಈಗ ಹಲ್ಲಿದ್ದು ಏನು ತಿಂತಾ ಇದೆ? ಬೆಕ್ಕು ನಮ್ಮ ಹಾಗೆ ಅಗಿಯೋ ಪ್ರಾಣಿ ಅಲ್ಲ. ಅದರ ದವಡೆ ಪಕ್ಕಕ್ಕೆ ಆಡೋದಿಲ್ಲ, ಮೇಲೆ ಕೆಳಗೆ ಅಷ್ಟೆ. ಹಲ್ಲು ಇರೋದು ಇಲಿ ಹಿಡಿದು ಕೊಲ್ಲಕ್ಕೆ, ಮಾಂಸ ಕತ್ತರಿಸಕ್ಕೆ. ಮೀನು ಬಿಡಿಸಿ ನೀವೇ ತಟ್ಟೆಗೆ ಹಾಕ್ತೀರಿ, ಕತ್ತರಿಸೋ ಕೆಲಸ ಅದಕ್ಕೇನಿದೆ? ನಾಲಿಗೆಯಲ್ಲಿ ಎಳೆದು ನುಂಗುತ್ತೆ. ಗಾಯ ಮಾಗಿದ ಮೇಲೆ ಒಣ ಕಾಳುಗಳನ್ನೂ ಹಾಗೇ ನುಂಗೋ ಬೊಚ್ಚುಬಾಯಿ ಬೆಕ್ಕುಗಳಿವೆ.

– ಇಲಿ ಹಿಡಿಯೋದು?

– ನಿಜ ಹೇಳಿ, ಇದುವರೆಗೆ ಒಂದಾದ್ರೂ ಹಿಡಿದಿದೆಯಾ?

– ಜಿರಳೆ ಹಿಡಿದಿತ್ತು.

– ಅದನ್ನ ಮುಂದೆನೂ ಹಿಡಿಯುತ್ತೆ, ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ಬೇರೆ, ಯಾರು ಕೀಳ್ತಾರೆ, ಹೇಗೆ ಕೀಳ್ತಾರೆ ಅನ್ನೋದು. ಬೆಕ್ಕಿನ ಹಲ್ಲಿನ ಬೇರು ಸಣ್ಣದು, ಮುರಿಯೋದು ಸುಲಭ. ಇಕ್ಕಳ ಹಾಕಿ ಕಿತ್ತರೆ ಮೇಲಿನ ಭಾಗ ಬರುತ್ತೆ, ಬೇರಿನ ತುಂಡು ಮೂಳೆಯಲ್ಲೇ ಉಳಿಯುತ್ತೆ, ಉರಿನೂ ಉಳಿಯುತ್ತೆ. ಹಲ್ಲು ಕೀಳಿಸಿದರೂ ಗುಣ ಆಗಲಿಲ್ಲ ಅಂತ ಬಂದ ಬೆಕ್ಕಿನ ಬಾಯಿಗೆ ನಾನು ಮೊದಲು ಮಾಡೋದೇ ಎಕ್ಸ್-ರೇ. ಒಸಡು ಬಿಡಿಸಿ, ಎರಡು ಮೂರು ಬೇರಿನ ಹಲ್ಲನ್ನ ಡ್ರಿಲ್ಲಿನಲ್ಲಿ ಸೀಳಿ, ಒಂದೊಂದು ಬೇರನ್ನೂ ಬೇರೆಬೇರೆಯಾಗಿ ತೆಗೆದು, ಮೂಳೆಯ ಚೂಪು ಅಂಚು ನಯಮಾಡಿ, ಕರಗೋ ದಾರದಲ್ಲಿ ಹೊಲೀಬೇಕು. ಮುಗಿದ ಮೇಲೆ ಇನ್ನೊಂದು ಎಕ್ಸ್-ರೇ, ಏನೂ ಉಳಿದಿಲ್ಲ ಅಂತ ಖಾತ್ರಿಗೆ. ಪೂರ್ತಿ ಅರಿವಳಿಕೆಯ ಕೆಲಸ, ಗಂಟೆಗಟ್ಟಲೆ ಹಿಡಿಯುತ್ತೆ. ಬೆಕ್ಕು ಸೊರಗಿದ್ದರೆ ಎರಡು ಕಂತಿನಲ್ಲಿ ಮಾಡಬೇಕಾಗುತ್ತೆ.

– ಅಷ್ಟೆಲ್ಲ ಸಲಕರಣೆ ಇಲ್ಲಿ ಇದೆಯಾ?

– ನನ್ನ ಹತ್ತಿರ ಹಲ್ಲಿನ ಎಕ್ಸ್-ರೇ ಇಲ್ಲ. ಅದಿಲ್ಲದೆ ನಾನು ಕೈಹಾಕಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ನಗರದಲ್ಲಿ ಹಲ್ಲಿನ ಕೆಲಸ ಮಾಡೋ ಖಾಸಗಿ ಪಶುವೈದ್ಯರೂ ಇದ್ದಾರೆ, ಚೀಟಿ ಬರೆದು ಕೊಡ್ತೀನಿ. ಕೇಳಬೇಕಾದ ಪ್ರಶ್ನೆ ಒಂದೇ: ಬಾಯೊಳಗಿನ ಎಕ್ಸ್-ರೇ ತೆಗೀತೀರಾ? ಇಲ್ಲ ಅಂದ್ರೆ ಮುಂದಿನ ಬಾಗಿಲು.

– ಖರ್ಚು?

– ಆಗುತ್ತೆ. ಒಂದು ಇಂಜೆಕ್ಷನ್ನಿಗಿಂತ ಎಷ್ಟೋ ಪಟ್ಟು. ಎರಡು ವರ್ಷದ ಇಂಜೆಕ್ಷನ್, ಆಂಟಿಬಯಾಟಿಕ್, ನನ್ನ ಫೀಸು, ನಿಮ್ಮ ಆಟೋ ಎಲ್ಲ ಕೂಡಿಸಿ ನೋಡಿ, ಆಮೇಲೆ ಹೇಳಿ.

– ಮಾಡಿಸಿದರೂ ಗುಣ ಆಗದ ಆ ಮೂರರಲ್ಲೊಂದು ಪಾಲಿಗೆ ನಮ್ಮದು ಸೇರಿದರೆ?

– ಆಗ ಸೈಕ್ಲೋಸ್ಪೊರಿನ್ ಇದೆ. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಬಂದ ಔಷಧ, ಕಿಡ್ನಿ ಕಸಿ ಮಾಡಿಸಿಕೊಂಡವರು ತಗೋತಾರೆ. ಸ್ಟೀರಾಯ್ಡಿಗಿಂತ ನಿಧಾನ, ಫಲ ಕಾಣಕ್ಕೆ ವಾರಗಳು ಬೇಕು. ರಕ್ತದಲ್ಲಿ ಔಷಧದ ಮಟ್ಟ ಸಾಕಷ್ಟಿದೆಯಾ ಅಂತ ಪರೀಕ್ಷಿಸಬೇಕು. ಅದು ಕೊಡುವಾಗ ಹಸಿ ಮಾಂಸ ಕೂಡದು, ಬೇಟೆಗೂ ಬಿಡಬಾರದು, ಟಾಕ್ಸೊಪ್ಲಾಸ್ಮಾ ಪರಾವಲಂಬಿ ಜೋರಾಗೋ ಅಪಾಯ ಇದೆ. ಇನ್ನೂ ಮುಂದಿನ ಮಾತು ಬೇಕಾದ್ರೆ, 2016ರಲ್ಲಿ ಡೇವಿಸ್‌ನ ಬೋವಜ್ ಆರ್ಜಿ ಮತ್ತು ಸಂಗಡಿಗರು ಹಲ್ಲೆಲ್ಲ ತೆಗೆದರೂ ಗುಣವಾಗದ 7 ಬೆಕ್ಕುಗಳಿಗೆ ಅವುಗಳದೇ ಕೊಬ್ಬಿನಿಂದ ಬೆಳೆಸಿದ ಆಕರಕೋಶ ಕೊಟ್ಟು ನೋಡಿದರು. 3ಕ್ಕೆ ಪೂರ್ತಿ ವಾಸಿ, 2ಕ್ಕೆ ಗಣನೀಯ ಗುಣ. ಏಳೇ ಬೆಕ್ಕು, ಆದರೂ ದೇಹದ ಜಗಳಗಂಟತನವನ್ನೇ ತಿದ್ದಬಹುದು ಅಂತ ತೋರಿಸಿದ ಕೆಲಸ ಅದು.

– ಅಲ್ಲಿಯವರೆಗೂ ಹೋಗೋದು ಬೇಡಪ್ಪ. ಈಗ, ಇವತ್ತು, ಮನೆಯಲ್ಲಿ ಏನು ಮಾಡ್ಲಿ?

– ನೋವು ಕಡಿಮೆ ಮಾಡಬೇಕು, ಹೊಟ್ಟೆಗೆ ಹಾಕಬೇಕು. ನೋವಿಗೆ ನಾನು ಕೊಡ್ತೀನಿ. ಬ್ಯುಪ್ರೆನಾರ್ಫಿನ್ ಅನ್ನೋ ಔಷಧ ನುಂಗಬೇಕಾಗೇ ಇಲ್ಲ, ಕೆನ್ನೆ ಸಂದಿಗೆ ಎರಡು ಹನಿ ಬಿಟ್ಟರೆ ಅಲ್ಲೇ ಇಂಗುತ್ತೆ. ಅದರ ಜೊತೆ ಗ್ಯಾಬಪೆಂಟಿನ್ ಕೂಡ. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ ತರಬೇಡಿ, ಕ್ಯಾಪ್ಸೂಲು ಬಿಚ್ಚಿ ತೂಕಕ್ಕೆ ತಕ್ಕಷ್ಟು ನಾನೇ ಪೊಟ್ಟಣ ಕಟ್ಟಿಸಿಕೊಡ್ತೀನಿ. ಊಟ ಅಂದ್ರೆ ಬೇಯಿಸಿದ ಕೋಳಿ ಇಲ್ಲ ಮೀನು, ಮುಳ್ಳು ತೆಗೆದು, ಬೇಯಿಸಿದ ನೀರಿನಲ್ಲೇ ನುಣ್ಣಗೆ ರುಬ್ಬಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಮೈಬೆಚ್ಚಗೆ ಇರಲಿ, ಬಿಸಿ ಬೇಡ. ಅಗಲವಾದ ಚಪ್ಪಟೆ ತಟ್ಟೆಯಲ್ಲಿ ಹಾಕಿ, ಕಿರುಚಿ ಓಡಿದ ಆ ತಟ್ಟೆ ಬೇಡ, ಆ ಮೂಲೆನೂ ಬೇಡ. ಬೇರೆ ಕೋಣೆಯಲ್ಲಿಡಿ.

– ಹಾಲನ್ನ?

– ಅತ್ತೆಯವರು ಕೊಡ್ತಿದ್ದಾರಾ? ಬೆಕ್ಕು ಮಾಂಸಾಹಾರಿ. ಟಾರಿನ್ ಅನ್ನೋ ಅಂಶ ಅದಕ್ಕೆ ಆಹಾರದಿಂದಲೇ ಬರಬೇಕು, ಅಕ್ಕಿಯಲ್ಲಿ ಅದಿಲ್ಲ. ಅದು ಕಮ್ಮಿಯಾದರೆ ಹೃದಯ ಹಿಗ್ಗಿ ಸೋಲುತ್ತೆ ಅಂತ 1987ರಲ್ಲೇ ಡೇವಿಸ್‌ನ ಪಾಲ್ ಪಯನ್ ತೋರಿಸಿಕೊಟ್ಟರು. ಈಗೇನೂ ತಿನ್ನದೇ ಇರೋದಕ್ಕಿಂತ ಒಂದೆರಡು ಚಮಚ ಹಾಲನ್ನ ತಿಂದರೆ ಬೈಯಲ್ಲ, ಆದರೆ ಅದೇ ಊಟ ಆಗಬಾರದು.

– ಮನೆಯಲ್ಲಿ ಇನ್ನೊಂದು ಬೆಕ್ಕಿದೆ, ಗಡವ. ಅದನ್ನ ಬೇರೆ ಮಾಡಬೇಕಾ?

– ಕ್ಯಾಲಿಸಿ ಇದ್ದರೆ ಅದಕ್ಕೆ ಈಗಾಗಲೇ ಹತ್ತಿರುತ್ತೆ, ವಯಸ್ಸಾದ ಗಟ್ಟಿ ಬೆಕ್ಕಿಗೆ ಏನೂ ಆಗದೇನೂ ಇರಬಹುದು. ಅದಕ್ಕೂ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ತಪ್ಪಿಸಬೇಡಿ. ತಟ್ಟೆ ಬೇರೆ ಇಡಿ. ಅದರ ಕಾಟಕ್ಕೆ ಇದು ಹೆದರಿ ಉಣ್ಣದೇ ಇದ್ದರೆ ಊಟದ ಹೊತ್ತಿಗೆ ಬಾಗಿಲು ಹಾಕಿ. ಹೊಸ ಬೆಕ್ಕು ಮಾತ್ರ ಸದ್ಯ ತರಬೇಡಿ. ಆಮೇಲೆ, ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೀರಿ. ಕಣ್ಣಿಗೆ ಕಾಣೋ ಹೊತ್ತಿಗೆ ತುಂಬ ಇಳಿದಿರುತ್ತೆ, ಕೂದಲು ಮುಚ್ಚಿಬಿಡುತ್ತೆ.

– ಒಂದೊಂದು ದಿನ ಏನೂ ಮುಟ್ಟಲ್ಲ.

– ಒಂದು ದಿನ ಕಾಯಿರಿ. ಎರಡನೇ ದಿನವೂ ಮುಟ್ಟಲಿಲ್ಲ ಅಂದ್ರೆ ಕಾಯಬೇಡಿ, ಎತ್ಕೊಂಡು ಬನ್ನಿ. ಉಪವಾಸ ಬಿದ್ದ ಬೆಕ್ಕಿನ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತೆ, ಅದರಿಂದಲೇ ಬೆಕ್ಕು ಸಾಯಬಹುದು. ನಾಯಿ ಎರಡು ದಿನ ಉಪವಾಸ ಇದ್ದರೆ ನಾನು ಇಷ್ಟು ಹೆದರಲ್ಲ.

– ಅತ್ತೆಗೆ ಏನು ಹೇಳಲಿ?

– ಹಲ್ಲು ತೆಗೆಸೋದು ಕ್ರೌರ್ಯ ಅಂದ್ರೆ, ಇವತ್ತು ರಾತ್ರಿ ಅದು ಊಟ ಮಾಡೋದನ್ನ ಪೂರ್ತಿ ಕೂತು ನೋಡಿ ಅಂತ ಹೇಳಿ. ವಾದ ಮಾಡಬೇಡಿ.

– ಹಾಗಾದ್ರೆ ಇವತ್ತು ಇಂಜೆಕ್ಷನ್ ಇಲ್ಲ?

– ನೋವಿನ ಹನಿ ಉಂಟು, ವೈರಸ್ ಪರೀಕ್ಷೆ ಉಂಟು, ಅರಿವಳಿಕೆಗೆ ಮುಂಚಿನ ರಕ್ತ ಪರೀಕ್ಷೆ ಉಂಟು. ಸ್ಟೀರಾಯ್ಡ್ ಇಲ್ಲ. ಎಕ್ಸ್-ರೇ ಇರೋ ಕಡೆ ಫೋನ್ ಮಾಡಿ ಈ ವಾರದಲ್ಲೇ ದಿನ ಗೊತ್ತುಮಾಡಿಕೊಳ್ಳಿ. ಹಿಂದೆ ಹಾಕಿಸಿದ ಎರಡೂ ಇಂಜೆಕ್ಷನ್ನಿನ ಹೆಸರು, ತಾರೀಖು ಒಂದು ಚೀಟಿಯಲ್ಲಿ ಬರೆದು ಅಲ್ಲಿಯ ಡಾಕ್ಟರಿಗೆ ಕೊಡೋದು ಮರೀಬೇಡಿ.